ನೀರಿನ ಲೆಕ್ಕ ತಿಳಿದರೆ ಬೇಕ್ಡ್ ವೆಜಿಟೇಬಲ್ ಸಲೀಸು

ಮೇಲೆ ಚೀಸು ಹೊಂಬಣ್ಣಕ್ಕೆ ತಿರುಗಿದೆ. ಅಂಚಿನಲ್ಲಿ ಸಾಸು ಕುದಿದು ಕಂದುಗಟ್ಟಿದೆ. ನೋಡಲು ಹೋಟೆಲಿನದಕ್ಕೆ ಏನೂ ಕಮ್ಮಿಯಿಲ್ಲ. ಸೌಟು ಇಳಿಸಿದ ಕೂಡಲೇ ಬಣ್ಣ ಬಯಲಾಗುತ್ತದೆ: ತಳದಲ್ಲಿ ತೆಳ್ಳನೆಯ ಹಾಲುನೀರು, ಅದರಲ್ಲಿ ತೇಲುವ ಹೂಕೋಸು. ಮನೆಯಲ್ಲಿ ಬೇಕ್ಡ್ ವೆಜಿಟೇಬಲ್ ಕೈಕೊಡುವುದು ಬಹುತೇಕ ಹೀಗೆಯೇ. ಮುಂದಿನ ಸಲ ಚೀಸು ಇನ್ನಷ್ಟು ಸುರಿಯುತ್ತೇವೆ, ಓವನ್ನಿನ ಶಾಖ ಏರಿಸುತ್ತೇವೆ, ಹತ್ತು ನಿಮಿಷ ಹೆಚ್ಚಿಗೆ ಒಳಗೇ ಬಿಡುತ್ತೇವೆ. ಇವು ಯಾವುದಕ್ಕೂ ತಳದ ನೀರು ಜಗ್ಗುವುದಿಲ್ಲ. ಆ ನೀರು ಬಂದದ್ದು ತರಕಾರಿಯ ಒಳಗಿನಿಂದ. ಅದನ್ನು ವಿಚಾರಿಸಿಕೊಳ್ಳಬೇಕಾದದ್ದು ಪಾತ್ರೆ ಓವನ್ನಿಗೆ ಹೋಗುವ ಮುಂಚೆ.

ನೀರಿನ ಈ ಲೆಕ್ಕ ನಮ್ಮ ಅಡುಗೆಮನೆಗೆ ಹೊಸದಲ್ಲ. ಬೆಂಡೆಕಾಯಿಯನ್ನು ತೊಳೆದು, ಒರೆಸಿ, ಆರಿದ ಮೇಲೇ ಹೆಚ್ಚುತ್ತೇವೆ. ಹಾಗಲಕಾಯಿಗೆ ಉಪ್ಪು ಸವರಿ ಹಿಂಡುತ್ತೇವೆ. ಸೌತೆಕಾಯಿ ಕೋಸಂಬರಿಗೆ ಉಪ್ಪು ಬೀಳುವುದು ಎಲೆಗೆ ಬಡಿಸುವ ಹೊತ್ತಿಗೆ. ಪಲ್ಯ ನೀರಾದರೆ ಮುಚ್ಚಳ ತೆಗೆದು, ಉರಿ ಜೋರು ಮಾಡಿ ನಾಲ್ಕು ಸಲ ಕೈಯಾಡಿಸಿದರೆ ಸರಿಹೋಗುತ್ತದೆ. ಓವನ್ನಿನಲ್ಲಿ ಆ ಸೌಕರ್ಯವಿಲ್ಲ. ಬಾಗಿಲು ಮುಚ್ಚಿದ ಮೇಲೆ ಕೈಯಾಡಿಸುವಂತಿಲ್ಲ, ಬಸಿಯುವಂತಿಲ್ಲ. ಹಾಗಾಗಿ ಒಲೆಯ ಮೇಲೆ ಅಡುಗೆ ನಡೆಯುತ್ತಿರುವಾಗ ಮಾಡುವ ತಿದ್ದುಪಡಿಯನ್ನೆಲ್ಲ ಇಲ್ಲಿ ಮೊದಲೇ ಮುಗಿಸಿಕೊಳ್ಳಬೇಕು.

ಲೆಕ್ಕ ಎಷ್ಟು ದೊಡ್ಡದು ನೋಡಿ. ನಾಲ್ವರ ಊಟಕ್ಕೆ ಆಲೂಗಡ್ಡೆ 250 ಗ್ರಾಂ, ಹೂಕೋಸು 200, ಕ್ಯಾರೆಟ್ 150, ಬೀನ್ಸ್ 100, ಹಸಿ ಬಟಾಣಿ 100 ಗ್ರಾಂ ತೆಗೆದುಕೊಂಡಿರೆನ್ನಿ. ಒಟ್ಟು 800 ಗ್ರಾಂ. ಹೂಕೋಸಿನಲ್ಲಿ ಶೇ 92ರಷ್ಟು ನೀರು, ಬೀನ್ಸಿನಲ್ಲಿ ಶೇ 90, ಕ್ಯಾರೆಟ್‌ನಲ್ಲಿ ಶೇ 88, ಆಲೂಗಡ್ಡೆ ಮತ್ತು ಬಟಾಣಿಯಲ್ಲಿ ಶೇ 79ರ ಆಸುಪಾಸು. ಕೂಡಿಸಿದರೆ ಸುಮಾರು 680 ಗ್ರಾಂ ನೀರೇ ಆಯಿತು. ಇದಕ್ಕೆ ಹಾಕುವ ವೈಟ್ ಸಾಸಿನ ಹಾಲು ಅರ್ಧ ಲೀಟರು. ಅಂದರೆ ಪಾತ್ರೆಗೆ ನಾವು ಸುರಿಯುವ ಹಾಲಿಗಿಂತ, ತರಕಾರಿ ತನ್ನ ಹೊಟ್ಟೆಯಲ್ಲಿ ಹೊತ್ತು ತರುವ ನೀರೇ ಹೆಚ್ಚು. ಅಷ್ಟೂ ಹೊರಬರುವುದಿಲ್ಲ, ನಿಜ. ಕಾಲುಭಾಗ ಹೊರಬಂದರೂ ಸಾಸಿನ ಹದ ಕೆಡಲು ಸಾಕು.

ತರಕಾರಿಗೊಂದು ಸಂಸ್ಕಾರ

1809ರಲ್ಲಿ ಬೆಂಗಳೂರಿನಲ್ಲಿ ಬ್ರಿಟಿಷರ ದಂಡು ನೆಲೆಯಾದ ಮೇಲೆ ಅಲ್ಲಿಯ ಮೇಜುಗಳಿಗಾಗಿ ಬೆಳೆದ ಹೂಕೋಸು, ಎಲೆಕೋಸು, ಕ್ಯಾರೆಟ್, ಬೀನ್ಸ್ ಇವತ್ತಿಗೂ ಮಾರುಕಟ್ಟೆಯಲ್ಲಿ ‘ಇಂಗ್ಲಿಷ್ ತರಕಾರಿ’. ಸೀಮೆಬದನೆ ಲಾಲ್‌ಬಾಗಿನ ಹಾದಿಯಲ್ಲಿ ಬಂದು ಈ ಸೀಮೆಯಲ್ಲಿ ಎಷ್ಟು ಚೆನ್ನಾಗಿ ಬೇರೂರಿತೆಂದರೆ ತಮಿಳರು ಅದನ್ನು ಬೆಂಗಳೂರು ಕತ್ತರಿಕಾಯಿ ಎಂದೇ ಕರೆಯುತ್ತಾರೆ. ಕ್ಲಬ್ಬುಗಳ ಮೇಜಿನಿಂದ ಹೋಟೆಲಿಗೆ, ಹೋಟೆಲಿನಿಂದ ಮನೆಗೆ ಇಳಿದುಬಂದ ಬೇಕ್ಡ್ ವೆಜಿಟೇಬಲ್ಲಿಗೆ ಬೇಕಾದ ಸಾಮಾನೆಲ್ಲ ಹೀಗೆ ಬಹುಕಾಲದಿಂದ ನಮ್ಮ ಸಂತೆಯಲ್ಲೇ ಇದೆ. ತಿಳಿಯಬೇಕಾದದ್ದು ಅದನ್ನು ಬೇಯಿಸಿಕೊಳ್ಳುವ ಬಗೆ.

ಎಲ್ಲ ತರಕಾರಿಯನ್ನೂ ಒಟ್ಟಿಗೆ ಕುಕ್ಕರಿಗೆ ತುಂಬಿ ಎರಡು ವಿಷಲ್ ಕೂಗಿಸುವುದು ಸುಲಭ. ಕೆಡುವುದೂ ಅಷ್ಟೇ ಸುಲಭ. ಬಟಾಣಿ ಬೇಯುವಷ್ಟರಲ್ಲಿ ಹೂಕೋಸು ಕರಗಿ, ಹೋಳುಗಳೆಲ್ಲ ಕುಕ್ಕರಿನ ನೀರು ಕುಡಿದು ಕೂತಿರುತ್ತವೆ. ಅದಕ್ಕಿಂತ ಇಡ್ಲಿ ಪಾತ್ರೆ ವಾಸಿ. ಹಬೆಯಲ್ಲಿ ಮೊದಲು ಆಲೂಗಡ್ಡೆ, ಕ್ಯಾರೆಟ್. ಐದು ನಿಮಿಷದ ಮೇಲೆ ಬೀನ್ಸ್, ಬಟಾಣಿ. ಕೊನೆಗೆ ಹೂಕೋಸು. ಚಾಕುವಿನ ಮೊನೆ ಸ್ವಲ್ಪ ತಡೆದು ಒಳಗಿಳಿಯುವಷ್ಟು ಬೆಂದರೆ ಸಾಕು. ಮಿಕ್ಕದ್ದು ಓವನ್ನಿನಲ್ಲಿ ಬೇಯುತ್ತದೆ.

ಅವಸರದಲ್ಲಿ ಬಿಟ್ಟುಹೋಗುವ ಕೆಲಸ ಇದರ ಮುಂದಿನದು. ಬೆಂದ ಹೋಳುಗಳನ್ನು ಅಗಲವಾದ ತಟ್ಟೆಯಲ್ಲಿ, ಒಂದರ ಮೇಲೊಂದು ಬೀಳದಂತೆ ಹರಡಿ ಬಿಡಬೇಕು. ಬಿಸಿ ಹೋಳಿನಿಂದ ಏಳುವ ಪ್ರತಿ ಎಳೆ ಹಬೆಯೂ ಆಮೇಲೆ ಪಾತ್ರೆಯ ತಳ ಸೇರಬಹುದಾಗಿದ್ದ ನೀರು. ಹತ್ತು ನಿಮಿಷದಲ್ಲಿ ಹೂಕೋಸಿನ ಹೊಳಪು ಮಾಯವಾಗಿ ಮೈ ಒಣಗಿದಂತೆ ಕಾಣುತ್ತದೆ. ಸಾಸು ಅಂಟಿಕೊಳ್ಳುವುದು ಅಂಥ ಮೈಗೆ. ಒದ್ದೆ ಮೈಯಿಂದ ಜಾರಿಹೋಗುತ್ತದೆ.

ಹೆಚ್ಚು ನೀರಿನವುಗಳಿಗೆ ಬೇರೆ ಉಪಚಾರ. ಬದನೆಕಾಯಿ, ಸೀಮೆಬದನೆ, ಜುಕೀನಿ ಹೋಳುಗಳಿಗೆ ಉಪ್ಪು ಸವರಿ ಅರ್ಧ ಗಂಟೆ ಬಿಟ್ಟರೆ ಉಪ್ಪು ಒಳಗಿನ ನೀರನ್ನು ಹೊರಗೆಳೆಯುತ್ತದೆ. ಒರೆಸಿ, ಬಾಣಲೆಯಲ್ಲಿ ಎರಡೂ ಕಡೆ ಬಾಡಿಸಿಕೊಂಡರಾಯಿತು; ಸಾಸಿಗೆ ಉಪ್ಪು ಹಾಕುವಾಗ ಮಾತ್ರ ಕೈ ಹಿಡಿತವಿರಲಿ. ಅಣಬೆಯನ್ನು ಜೋರು ಉರಿಯಲ್ಲಿ ಹುರಿದರೆ ಮೊದಲು ನೀರು ಬಿಟ್ಟು, ಆ ನೀರಿಂಗಿದ ಮೇಲೆ ಚಿಟಪಟ ಸದ್ದು ಮಾಡುತ್ತದೆ. ಆ ಸದ್ದು ಕೇಳುವವರೆಗೆ ಇಳಿಸಬಾರದು. ಪಾಲಕ್ ಸೊಪ್ಪಿಗೆ ಇನ್ನೂ ಕಠಿಣ ಶಿಕ್ಷೆ: ಬಾಡಿಸಿ, ಆರಿಸಿ, ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಬೇಕು.

ಟೊಮೆಟೊ ವಿಷಯದಲ್ಲಿ ಇನ್ನೊಂದು ಎಚ್ಚರ. ಹೋಳು ಬೇಯುವ ಮುಂಚೆ ಹುಣಸೆಹುಳಿ ಹಾಕಿದರೆ ತರಕಾರಿ ಗಟ್ಟಿಯಾಗಿಯೇ ಉಳಿಯುವುದು ಹುಳಿ ಮಾಡುವವರಿಗೆಲ್ಲ ಗೊತ್ತು. ತರಕಾರಿಯ ಕೋಶಗಳನ್ನು ಒಂದಕ್ಕೊಂದು ಅಂಟಿಸಿಟ್ಟಿರುವ ಪೆಕ್ಟಿನ್ ಹುಳಿಯಲ್ಲಿ ಬೇಗ ಕರಗುವುದಿಲ್ಲ. ಹಸಿ ಆಲೂಗಡ್ಡೆಯ ಮೇಲೆ ಟೊಮೆಟೊ ಹರಡಿ ಬೇಕ್ ಮಾಡಿದಾಗಲೂ ಇದೇ ಕತೆ. ಟೊಮೆಟೊ ಬೇಕೇಬೇಕೆಂದರೆ ಆಲೂಗಡ್ಡೆ ಮೊದಲೇ ಬೆಂದಿರಲಿ.

ಬೆಣ್ಣೆ, ಮೈದಾ, ಹಾಲು

ನೀರನ್ನು ಎಷ್ಟು ತೆಗೆದರೂ ಸ್ವಲ್ಪ ಉಳಿಯುತ್ತದೆ. ಉಳಿದದ್ದನ್ನು ಕಟ್ಟಿಹಾಕುವ ಕೆಲಸ ವೈಟ್ ಸಾಸಿನದು. ಫ್ರೆಂಚರು ಇದನ್ನು ಬೆಶಮೆಲ್ ಎನ್ನುತ್ತಾರೆ. 14ನೇ ಲೂಯಿಯ ಅರಮನೆಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಲೂಯಿ ದ ಬೆಶಮೆಲ್‌ನ ಹೆಸರು ಅದಕ್ಕೆ ಅಂಟಿಕೊಂಡಿದೆ. ಸಾಮಾನು ಮೂರೇ: ಬೆಣ್ಣೆ 40 ಗ್ರಾಂ, ಮೈದಾ 40 ಗ್ರಾಂ, ಹಾಲು ಅರ್ಧ ಲೀಟರು.

ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಗೆ ಬೆಣ್ಣೆ ಕರಗಿಸಿ. ನೊರೆ ಅಡಗುತ್ತಿದ್ದಂತೆ ಮೈದಾ ಸುರಿದು ಮರದ ಸೌಟಿನಿಂದ ಕೈಬಿಡದೆ ತಿರುವಿ. ಮೊದಲು ಮುದ್ದೆಯಾಗಿ ಕಾಣುತ್ತದೆ, ಹಸಿ ಹಿಟ್ಟಿನ ವಾಸನೆ ಬರುತ್ತದೆ. ಒಂದೆರಡು ನಿಮಿಷದಲ್ಲಿ ಸಡಿಲವಾಗಿ, ಸಣ್ಣ ಸಣ್ಣ ಗುಳ್ಳೆ ಎದ್ದು, ಮೇಲ್ಮೈ ಜೇನುಗೂಡಿನ ಹಾಗೆ ತೂತುತೂತಾಗುತ್ತದೆ. ಹಸಿ ವಾಸನೆ ಹೋಗಿ ಬಿಸ್ಕತ್ತಿನ ಪರಿಮಳ ಬಂದ ಗಳಿಗೆಯೇ ಹದ. ಕೆಂಪಾಗಲು ಬಿಡಬಾರದು: ಮೈದಾ ಕೆಂಪಾದಷ್ಟೂ ಗಟ್ಟಿಗೊಳಿಸುವ ಶಕ್ತಿ ಕಳೆದುಕೊಳ್ಳುತ್ತದೆ, ಸಾಸಿನ ಬಿಳುಪೂ ಹೋಗುತ್ತದೆ.

ಮೈದಾವನ್ನು ನೇರವಾಗಿ ಬಿಸಿ ಹಾಲಿಗೆ ಹಾಕಿದರೆ ಗಂಟಾಗುತ್ತದೆ. ಹಿಟ್ಟಿನ ಉಂಡೆಯ ಹೊರಮೈ ತಕ್ಷಣ ಬೆಂದು ಅಂಟಾಗಿ, ಒಳಗಿನ ಪುಡಿಗೆ ಹಾಲು ಮುಟ್ಟದಂತೆ ಕೋಟೆ ಕಟ್ಟಿಬಿಡುತ್ತದೆ. ಬೆಣ್ಣೆಯಲ್ಲಿ ಹುರಿದಾಗ ಪ್ರತಿ ಕಣಕ್ಕೂ ಜಿಡ್ಡಿನ ಹೊದಿಕೆ ಬಂದು ಕಣಗಳು ಬಿಡಿಬಿಡಿಯಾಗಿ ಉಳಿಯುತ್ತವೆ. ಹಾಲನ್ನು ಮೊದಲು ಒಂದು ಸೌಟು, ಅದು ಬೆರೆತ ಮೇಲೆ ಇನ್ನೊಂದು, ಆಮೇಲೆ ಸಣ್ಣ ಧಾರೆಯಾಗಿ ಹಾಕುತ್ತ ತಿರುವಿದರೆ ಗಂಟಿನ ಭಯವಿಲ್ಲ. ಗೋಧಿಯ ಪಿಷ್ಟದ ಕಣಗಳು 60 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ನೀರು ಹೀರಿ ಉಬ್ಬತೊಡಗುತ್ತವೆ. ಪೂರ್ತಿ ಗಟ್ಟಿಯಾಗುವುದು ಕುದಿಯ ಹತ್ತಿರ ಬಂದಾಗ. ಅದಕ್ಕೇ ಸಾಸು ಒಮ್ಮೆ ಕುದಿ ಕಾಣಲೇಬೇಕು. ಆಮೇಲೂ ಏಳೆಂಟು ನಿಮಿಷ ಸಣ್ಣ ಉರಿಯಲ್ಲಿ, ತಳ ಹಿಡಿಯದಂತೆ ನೋಡಿಕೊಳ್ಳಬೇಕು. ಸೌಟಿನ ಬೆನ್ನಿಗೆ ಅಂಟಿದ ಸಾಸಿನ ಮೇಲೆ ಬೆರಳಿನಿಂದ ಗೀಟೆಳೆಯಿರಿ. ಗೀಟು ಕೂಡಿಕೊಳ್ಳದೆ ನಿಂತರೆ ಸರಿ. ಅಣಬೆ, ಸೀಮೆಬದನೆಯಂಥ ನೀರು ಬಿಡುವವು ಹೆಚ್ಚಿದ್ದರೆ ಬೆಣ್ಣೆ, ಮೈದಾ ಎರಡನ್ನೂ 50 ಗ್ರಾಂಗೆ ಏರಿಸಿ.

ಉಪ್ಪು, ಕಾಳುಮೆಣಸಿನ ಪುಡಿ, ಜತೆಗೆ ಚಿಟಿಕೆ ಜಾಯಿಕಾಯಿ ತುರಿ. ಈ ಜಾಯಿಕಾಯಿ ಯುರೋಪಿನಲ್ಲಿ ವೈಟ್ ಸಾಸಿನ ಹಳೆಯ ಜೊತೆಗಾರ. ನಮ್ಮ ಶಿರಸಿ, ಪುತ್ತೂರು ಕಡೆಯ ಅಡಿಕೆ ತೋಟಗಳಲ್ಲಿ ಬೆಳೆಯುವ ಕಾಯಿ. ಪುಡಿಯ ಡಬ್ಬಿಗಿಂತ ಆಗಲೇ ತುರಿದದ್ದು ಘಮ್ಮೆನ್ನುತ್ತದೆ. ಕೈ ಜಾರಿದರೆ ಕಹಿ.

ಚೀಸು ಬೆರೆಸುವುದು ಒಲೆ ಆರಿಸಿದ ಮೇಲೆ. ಕುದಿಯುವ ಸಾಸಿನಲ್ಲಿ ಚೀಸಿನ ಪ್ರೋಟೀನು ಬಿಗಿದುಕೊಂಡು ಜಿಡ್ಡು ಬೇರೆಯಾಗಿ ತೇಲುತ್ತದೆ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿರುವ ಪ್ರೊಸೆಸ್ಡ್ ಚೀಸಿಗೆ ಈ ಕಾಟ ಕಡಿಮೆ. 1911ರಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಗರ್ಬರ್ ಮತ್ತು ಫ್ರಿಟ್ಜ್ ಸ್ಟೆಟ್ಲರ್ ಚೀಸಿಗೆ ಸಿಟ್ರೇಟ್ ಲವಣ ಸೇರಿಸಿ ಕರಗಿಸಿದಾಗ ಜಿಡ್ಡು ಒಡೆಯದೆ ನುಣ್ಣಗೆ ಉಳಿಯಿತು. ಪ್ರೊಸೆಸ್ಡ್ ಚೀಸು ಹುಟ್ಟಿದ್ದು ಆ ಉಪಾಯದಿಂದ. ಸಾಸಿನೊಳಗೆ ಅದನ್ನೇ ಧಾರಾಳವಾಗಿ ಹಾಕಬಹುದು. ಮೇಲೆ ಉದುರಿಸಲು ಮಾತ್ರ ಮೊಝರೆಲ್ಲಾ ಅಥವಾ ಚೆಡಾರ್ ಬೆರೆತರೆ ಬಣ್ಣ ಚೆನ್ನಾಗಿ ಬರುತ್ತದೆ. ಒಟ್ಟು 100 ಗ್ರಾಂ ಚೀಸಿನಲ್ಲಿ ಮೂರನೇ ಎರಡು ಪಾಲು ಸಾಸಿಗೆ, ಉಳಿದದ್ದು ಮೇಲಕ್ಕೆ. ಕೆಲವು ವಿದೇಶಿ ಚೀಸುಗಳಲ್ಲಿ ಹಾಲು ಒಡೆಸಲು ಕರುವಿನ ಜಠರದ ಕಿಣ್ವ ಬಳಸಿರುತ್ತಾರೆ. ಸಸ್ಯಾಹಾರಿಗಳು ಪೊಟ್ಟಣದ ಹಸಿರು ಚುಕ್ಕೆ ನೋಡಿಯೇ ಕೊಳ್ಳುವುದು ಒಳ್ಳೆಯದು.

ಒಂದೊಂದು ನಾಡಿಗೆ ಒಂದೊಂದು ಉಪಾಯ

ಇದೇ ನೀರಿನ ಸಮಸ್ಯೆಗೆ ಬೇರೆ ಬೇರೆ ನಾಡಿನವರು ಬೇರೆ ಬೇರೆ ದಾರಿ ಹುಡುಕಿಕೊಂಡಿದ್ದಾರೆ. ಫ್ರಾನ್ಸಿನ ಆಗ್ನೇಯದ ದೋಫಿನೆ ಸೀಮೆಯ ಗ್ರಾತಾಂ ದೋಫಿನ್ವಾ ಎಂಬ ಆಲೂಗಡ್ಡೆ ಬೇಕ್‌ಗೆ ಮೈದಾ ಬೀಳುವುದೇ ಇಲ್ಲ. 1788ರಲ್ಲಿ ಗ್ಯಾಪ್ ಪಟ್ಟಣದ ಔತಣವೊಂದರಲ್ಲಿ ಇದನ್ನು ಬಡಿಸಿದ ಉಲ್ಲೇಖವಿದೆ. ತೆಳ್ಳಗೆ ಬಿಲ್ಲೆ ಮಾಡಿದ ಹಸಿ ಆಲೂಗಡ್ಡೆಯನ್ನು ತೊಳೆಯದೆ ಹಾಲು, ಕೆನೆಯಲ್ಲಿ ಬೇಯಿಸುತ್ತಾರೆ. ಬಿಲ್ಲೆಯ ಮೇಲಿನ ಪಿಷ್ಟವೇ ಕೆನೆಯನ್ನು ಗಟ್ಟಿ ಮಾಡುತ್ತದೆ. ಹೆಚ್ಚಿದ ಆಲೂಗಡ್ಡೆಯನ್ನು ನೀರಿನಲ್ಲಿ ಮುಳುಗಿಸಿಡುವ ನಮ್ಮ ಅಭ್ಯಾಸವನ್ನು ಇಲ್ಲಿ ಬಿಡಬೇಕಾಗುತ್ತದೆ.

ಪ್ರೊವೆನ್ಸಿನವರದು ಇನ್ನೊಂದು ದಾರಿ. ಅಗಲವಾದ, ಆಳವಿಲ್ಲದ ಮಣ್ಣಿನ ಪಾತ್ರೆಯಲ್ಲಿ ಬದನೆ, ಜುಕೀನಿ, ಟೊಮೆಟೊ ಬಿಲ್ಲೆಗಳನ್ನು ಜೋಡಿಸಿ, ಆಲಿವ್ ಎಣ್ಣೆ ಚಿಮುಕಿಸಿ ಗಂಟೆಗಟ್ಟಲೆ ಬೇಯಿಸುವ ತಿಯಾನ್. ಅಲ್ಲಿ ಸಾಸಿಲ್ಲ, ಕಟ್ಟಿಹಾಕುವ ಪ್ರಶ್ನೆಯೂ ಇಲ್ಲ. ಪದರ ತೆಳು, ಬಾಯಿ ಅಗಲ, ಸಮಯ ಧಾರಾಳ. ನೀರು ತಾನಾಗಿ ಆವಿಯಾಗಿ ರುಚಿ ಗಟ್ಟಿಯಾಗುತ್ತದೆ. ಗ್ರೀಕರು ಮುಸಾಕಾ ಎಂಬ ತಿನಿಸಿಗೆ ಬದನೆಕಾಯಿಯನ್ನು ಮೊದಲೇ ಕರಿದು ನೀರು ತೆಗೆದು, ಮೇಲೆ ದಪ್ಪ ಬೆಶಮೆಲ್ ಹೊದಿಸುತ್ತಾರೆ. ಈ ಬಿಳಿ ಹೊದಿಕೆ ಹಳೆಯದೇನಲ್ಲ. 1920ರ ದಶಕದಲ್ಲಿ ಅಡುಗೆ ಪುಸ್ತಕ ಬರೆದ ನಿಕೋಲಾಸ್ ಚೆಲೆಮೆಂಟೆಸ್ ಎಂಬ ಬಾಣಸಿಗ ರೂಢಿಗೆ ತಂದದ್ದು. ಅಮೆರಿಕದ ದಾರಿ ಡಬ್ಬಿಯದು. 1955ರಲ್ಲಿ ಕ್ಯಾಂಪ್‌ಬೆಲ್ ಸೂಪ್ ಕಂಪನಿಯ ಅಡುಗೆಮನೆಯಲ್ಲಿ ಡಾರ್ಕಸ್ ರೈಲಿ ಬೀನ್ಸಿಗೆ ಡಬ್ಬಿಯ ಅಣಬೆ ಸೂಪು ಬೆರೆಸಿ, ಮೇಲೆ ಕರಿದ ಈರುಳ್ಳಿ ಉದುರಿಸಿ ಬೇಕ್ ಮಾಡಿದ ತಿನಿಸು ಅಲ್ಲಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಕಾಯಂ ಆಯಿತು. ಗಟ್ಟಿ ಸೂಪೇ ಅಲ್ಲಿ ಸಾಸಿನ ಕೆಲಸ ಮಾಡುತ್ತದೆ.

ಹೀರಿಸು, ಆರಿಸು, ಕರಿ, ಕಟ್ಟಿಹಾಕು. ಜಗತ್ತಿನ ತರಕಾರಿ ಬೇಕ್‌ಗಳೆಲ್ಲ ಹೆಚ್ಚುಕಡಿಮೆ ಈ ನಾಲ್ಕರಲ್ಲಿ ಒಂದನ್ನೋ ಎರಡನ್ನೋ ಹಿಡಿದು ನಡೆಯುತ್ತವೆ.

ಗಾಜಿನ ಪಾತ್ರೆ, ಕಾಯ್ದ ಕಾಯಿಲ್ಲು

ನಾಲ್ವರಿಗೆ 20 ಸೆಂಟಿಮೀಟರ್ ಚೌಕದ, 5 ಸೆಂಟಿಮೀಟರ್ ಆಳದ ಪಾತ್ರೆ ಸಾಕು. ಆಳ ಹೆಚ್ಚಿದಷ್ಟೂ ನೀರು ಮೇಲೆ ಬರುವ ದಾರಿ ದೂರ. ಗರಿಗರಿ ಮೇಲ್ಪದರವೂ ಒಬ್ಬೊಬ್ಬರ ಪಾಲಿಗೆ ಕಮ್ಮಿ ಬೀಳುತ್ತದೆ.

ಶಾಖ ತಡೆಯುವ ಗಾಜಿನ ಪಾತ್ರೆ ಅಡುಗೆಮನೆಗೆ ಬಂದ ಕತೆ ಸ್ವಾರಸ್ಯದ್ದು. ಅಮೆರಿಕದ ಕಾರ್ನಿಂಗ್ ಗಾಜಿನ ಕಂಪನಿಯಲ್ಲಿ ಜೆಸ್ಸಿ ಲಿಟಲ್‌ಟನ್ ಎಂಬ ಭೌತವಿಜ್ಞಾನಿ ಇದ್ದರು. ಅವರ ಹೆಂಡತಿ ಬೆಸ್ಸಿಯ ಮಣ್ಣಿನ ಬೇಕಿಂಗ್ ಪಾತ್ರೆ ಬಿರುಕು ಬಿಟ್ಟಾಗ ಆಕೆ ಗಂಡನ ಕೈಲಿ ಗಾಜಿನದೊಂದು ತರಿಸಿಕೊಂಡರು. ಬಂದದ್ದು ಬ್ಯಾಟರಿ ಜಾಡಿಯ ಕತ್ತರಿಸಿದ ತಳ. 1913ರಲ್ಲಿ ಬೆಸ್ಸಿ ಅದರಲ್ಲೇ ಕೇಕು ಬೇಯಿಸಿದರು. ಎರಡು ವರ್ಷದಲ್ಲಿ ಪೈರೆಕ್ಸ್ ಪಾತ್ರೆಗಳು ಮಾರುಕಟ್ಟೆಗೆ ಬಂದವು. ಅಂಥ ಬೊರೊಸಿಲಿಕೇಟ್ ಗಾಜು ಬಿಸಿಗೆ ಹಿಗ್ಗುವುದು ಮಾಮೂಲಿ ಗಾಜಿನ ಮೂರನೇ ಒಂದರಷ್ಟು ಮಾತ್ರ. ಒಡೆಯದಿರುವ ಗುಟ್ಟು ಅದೇ. ಹಾಗೆಂದು ಓವನ್ನಿನಿಂದ ತೆಗೆದದ್ದನ್ನು ಒದ್ದೆ ಗ್ರಾನೈಟ್ ಕಟ್ಟೆಯ ಮೇಲಿಡುವ ಸಾಹಸ ಬೇಡ. ಮರದ ಹಲಗೆಯೋ ಮಡಿಸಿದ ಬಟ್ಟೆಯೋ ಕೆಳಗಿರಲಿ.

ಪಾತ್ರೆಗೆ ಬೆಣ್ಣೆ ಸವರಿ, ತರಕಾರಿಗೆ ಮುಕ್ಕಾಲು ಪಾಲು ಸಾಸು ಬೆರೆಸಿ ತುಂಬಿ, ಉಳಿದ ಸಾಸನ್ನು ಮೇಲೆ ಹರಡಿ. ಅದರ ಮೇಲೆ ಚೀಸಿನ ತುರಿ, ಕೊನೆಗೆ ಎರಡು ಸ್ಲೈಸು ಹಳೆಯ ಬ್ರೆಡ್ಡಿನ ಪುಡಿಯನ್ನು ಒಂದು ಚಮಚ ಕರಗಿದ ಬೆಣ್ಣೆಯಲ್ಲಿ ಕಲಸಿ ಉದುರಿಸಿ. ರಸ್ಕಿನ ಪುಡಿಯೂ ನಡೆಯುತ್ತದೆ. ಸಿಹಿ ಇಲ್ಲದ್ದಾದರೆ ಒಳ್ಳೆಯದು.

ಈ ಪುಡಿ ಬರೀ ಅಲಂಕಾರಕ್ಕಲ್ಲ. ನೀರಿರುವವರೆಗೆ ಯಾವ ಮೇಲ್ಮೈಯೂ 100 ಡಿಗ್ರಿ ದಾಟುವುದಿಲ್ಲ. ಫ್ರೆಂಚ್ ವಿಜ್ಞಾನಿ ಲೂಯಿ ಕಮೀಯ್ ಮಯ್ಯಾರ್ 1912ರಲ್ಲಿ ವಿವರಿಸಿದ, ಸಕ್ಕರೆ ಮತ್ತು ಪ್ರೋಟೀನಿನ ಅಂಶಗಳು ಕೂಡಿ ಕಂದಾಗುವ ಕ್ರಿಯೆ ಬಿರುಸಾಗುವುದು 140 ಡಿಗ್ರಿಯ ಸುಮಾರಿಗೆ. ಒಣ ಬ್ರೆಡ್ಡಿನ ಪುಡಿ ಬೇಗ ಆ ಮಟ್ಟ ಮುಟ್ಟುತ್ತದೆ, ಚೀಸಿನಿಂದ ಒಸರುವ ಜಿಡ್ಡನ್ನೂ ಹೀರಿಕೊಳ್ಳುತ್ತದೆ. ಬರೀ ಮೈಕ್ರೊವೇವ್‌ನಲ್ಲಿ ಬಣ್ಣ ಬಾರದಿರುವುದಕ್ಕೂ ಕಾರಣ ಇದೇ: ಅಲ್ಲಿ ತಿನಿಸಿನ ನೀರು ಬಿಸಿಯಾಗುತ್ತದೆಯೇ ಹೊರತು ಸುತ್ತಲಿನ ಗಾಳಿ ಕಾಯುವುದಿಲ್ಲ. ಕನ್ವೆಕ್ಷನ್ ಸೌಲಭ್ಯ ಇದ್ದರೆ ಅದನ್ನು ಬಳಸಿ.

ಓಟಿಜಿಯನ್ನು 200 ಡಿಗ್ರಿಗೆ ಇಟ್ಟು ಹದಿನೈದು ನಿಮಿಷ ಮೊದಲೇ ಕಾಯಿಸಿ, ಮೇಲಿನ, ಕೆಳಗಿನ ಎರಡೂ ಕಾಯಿಲ್ಲು ಉರಿಯುವಂತೆ ತಿರುಗಿಸಿ, ಪಾತ್ರೆಯನ್ನು ನಡುವಿನ ಜಾಲರಿಯ ಮೇಲಿಡಿ. ಗಾಜಿನ ಬಾಗಿಲಿನಿಂದ ನೋಡುತ್ತಿದ್ದರೆ ಮೊದಲ ಹತ್ತು ನಿಮಿಷ ಏನೂ ನಡೆಯುತ್ತಿಲ್ಲವೇನೋ ಅನ್ನಿಸುತ್ತದೆ. ಆಮೇಲೆ ಮೂಲೆಯಲ್ಲೊಂದು ಗುಳ್ಳೆ, ಅಂಚಿನುದ್ದಕ್ಕೂ ಸಾಲುಗುಳ್ಳೆ, ಚೀಸು ಉಬ್ಬಿ ಇಳಿದು ಅಲ್ಲಲ್ಲಿ ಕಂದು ಚುಕ್ಕೆ. ಗುಳ್ಳೆ ನಡುವಿಗೂ ಬಂದರೆ ಒಳಗೆಲ್ಲ ಬಿಸಿ ತಲುಪಿದೆ ಎಂದರ್ಥ. 25ರಿಂದ 30 ನಿಮಿಷ ಹಿಡಿಯುತ್ತದೆ. ಬಣ್ಣ ಸಾಲದಿದ್ದರೆ ಕೊನೆಯ ಮೂರ್ನಾಲ್ಕು ನಿಮಿಷ ಮೇಲಿನ ಕಾಯಿಲ್ಲು ಮಾತ್ರ ಉರಿಸಿ; ಆಗ ಅಲ್ಲಿಂದ ಕದಲಬೇಡಿ.

ಓವನ್ನಿಲ್ಲದವರು ಹಳೆಯ ದಪ್ಪ ಪಾತ್ರೆಗೆ ಉಪ್ಪೋ ಮರಳೋ ಹಾಕಿ ಕಾಯಿಸಿ, ಒಳಗೊಂದು ಸ್ಟ್ಯಾಂಡಿನ ಮೇಲೆ ಪಾತ್ರೆಯಿಟ್ಟು ಮುಚ್ಚಿ ಬೇಯಿಸಬಹುದು. ಅಲ್ಲಿ ಮೇಲಿನಿಂದ ಶಾಖ ಬೀಳುವುದಿಲ್ಲ. ಗೋವಾದವರು ಬೆಬಿಂಕಾ ಎಂಬ ತಿನಿಸಿಗೆ ಮುಚ್ಚಳದ ಮೇಲೆ ಕೆಂಡ ಹಾಕಿ ಆ ಕೊರತೆ ತುಂಬಿಕೊಂಡಿದ್ದರು. ಗ್ಯಾಸ್ ಒಲೆಯ ಮನೆಯಲ್ಲಿ ಬ್ರೆಡ್ ಪುಡಿಯನ್ನು ಬಾಣಲೆಯಲ್ಲಿ ಬೆಣ್ಣೆ ಹಾಕಿ ಹೊಂಬಣ್ಣಕ್ಕೆ ಹುರಿದಿಟ್ಟುಕೊಂಡು, ಬಡಿಸುವ ಮುಂಚೆ ಉದುರಿಸುವುದು ಅದಕ್ಕೆ ಬದಲಿ.

ಹೊರತೆಗೆದ ಮೇಲೆ ಹತ್ತು ನಿಮಿಷ ಮುಟ್ಟಬಾರದು. ಸಾಸು ತುಸು ಆರಿದಂತೆ ಬಿಗಿಯಾಗಿ, ಹೋಳುಗಳ ನಡುವಿನ ಒಸರನ್ನೂ ಹಿಡಿದುಕೊಳ್ಳುತ್ತದೆ. ಜತೆಗೆ ಸುಟ್ಟ ಬ್ರೆಡ್ಡು, ಒಂದಿಷ್ಟು ಹಸಿ ಸಲಾಡ್ ಇದ್ದರೆ ರಾತ್ರಿಯ ಊಟಕ್ಕೆ ಬೇರೇನೂ ಬೇಡ. ಉಳಿದದ್ದು ಫ್ರಿಜ್ಜಿನಲ್ಲಿ ಗಟ್ಟಿಯಾಗುತ್ತದೆ. ಮರುದಿನ ಬ್ರೆಡ್ಡಿನ ನಡುವೆ ತುಂಬಿ ಕಾವಲಿಯ ಮೇಲೆ ಒತ್ತಿ ಸುಟ್ಟರೆ ಬೆಳಗಿನ ತಿಂಡಿಯಾಯಿತು.

ನೀರಿನ ಲೆಕ್ಕ ಕೈಗೆ ಹತ್ತಿದ ಮೇಲೆ ಹೂಕೋಸು, ಬೀನ್ಸಿಗೇ ಜೋತುಬೀಳಬೇಕಿಲ್ಲ. ಸುವರ್ಣಗೆಡ್ಡೆ, ಗೆಣಸು ನೀರು ಕಮ್ಮಿ, ಪಿಷ್ಟ ಹೆಚ್ಚು ಇರುವ ಗೆಡ್ಡೆಗಳು. ಆಲೂಗಡ್ಡೆಯ ಜಾಗದಲ್ಲಿ ಹಾಯಾಗಿ ಕೂರುತ್ತವೆ. ಗೆಣಸು ಹಾಕಿದಾಗ ಸಿಹಿಗೆ ಎದುರಾಗಿ ಮೆಣಸು ಚೂರು ಮುಂದಿರಲಿ. ಕುಂಬಳಕಾಯಿಯನ್ನು ಮೊದಲು ಒಣಗುವಂತೆ ಹುರಿದುಕೊಳ್ಳಿ. ಡಿಸೆಂಬರ್, ಜನವರಿಯ ಅವರೆಕಾಯಿ ಕಾಲದಲ್ಲಿ ಬಟಾಣಿಯ ಬದಲು ಬೇಯಿಸಿ ಬಸಿದ ಹಿತಕಿದವರೆ ಹಾಕಿ ನೋಡಿ: ಸಾಸನ್ನು ತೆಳುವಾಗಿಸುವ ಬದಲು ಅದೇ ಒಂದಿಷ್ಟು ನೀರು ಹೀರಿಕೊಂಡು ಇನ್ನಷ್ಟು ಗಟ್ಟಿ ಮಾಡುತ್ತದೆ. ಆ ದಿನ ಮೈದಾ ಒಂದು ಚಮಚ ಕಡಿಮೆ ಹಾಕಿದರೂ ನಡೆಯುತ್ತದೆ.